ಯಾರೂ ಮುಟ್ಟದ ಕೆಂಪು ಹಿಡಿ

ನಾನು ಒಂದು ಮೀಸಲು ಪ್ಯಾರಾಚೂಟು. ಸೈನಿಕ ವಿಮಾನದಿಂದ ಜಿಗಿಯುವಾಗ ಅವನ ಬೆನ್ನಿಗೆ ಮುಖ್ಯ ಪ್ಯಾರಾಚೂಟು, ಅಂದರೆ ನಮ್ಮ ದೊಡ್ಡಣ್ಣ; ಎದೆಗೆ ನಾನು. ದೊಡ್ಡಣ್ಣ ತಾನಾಗಿಯೇ ಅರಳುತ್ತಾನೆ. ಅವನು ಕೈಕೊಟ್ಟರೆ ಮಾತ್ರ ನನ್ನ ಕೆಂಪು ಹಿಡಿಯನ್ನು ಎಳೆಯಬೇಕು. ನನ್ನನ್ನು ಹೊಲಿದ ಹೆಂಗಸು ಕೊನೆಯ ದಾರ ಕತ್ತರಿಸುತ್ತಾ, ನಿನಗೆಂದೂ ಕೆಲಸ ಬೀಳದಿರಲಿ ಎಂದು ಹರಸಿದಳು. ಹುಟ್ಟಿದ ದಿನವೇ ಇಂಥ ಹಾರೈಕೆ ಇನ್ಯಾರಿಗೆ ಸಿಕ್ಕೀತು!

ತರಬೇತಿ ಶಾಲೆಯಲ್ಲಿ ಬಾಗಲಕೋಟೆ ಕಡೆಯ ಹವಾಲ್ದಾರ್ ಗುರುಪಾದ ನನ್ನನ್ನು ಆಗಾಗ ಬಿಚ್ಚಿ, ಗಾಳಿಗೆ ಹರವಿ, ಮತ್ತೆ ಮಡಚಿಡುತ್ತಿದ್ದ. ವರ್ಷಗಟ್ಟಲೆ ಅಷ್ಟೇ. ಎಂಥ ದಂಡಪಿಂಡ ನಾನು ಎಂದು ನನ್ನ ಮೇಲೆಯೇ ಸಿಟ್ಟು ಬರುತ್ತಿತ್ತು. ಅದರ ಮೇಲೆ ಹುಡುಗರದ್ದೊಂದು ನಂಬಿಕೆ: ಜಿಗಿಯುವ ಮುಂಚೆ ಕೆಂಪು ಹಿಡಿ ಮುಟ್ಟಿದರೆ ಅವತ್ತು ಅದನ್ನು ಎಳೆಯುವ ಗತಿ ಬಂದೇ ಬರುತ್ತದಂತೆ. ಅಭ್ಯಾಸದಲ್ಲೂ ಹಿಡಿ ಮುಟ್ಟದೆ ಗಾಳಿಯಲ್ಲೇ ಕೈಯಾಡಿಸುತ್ತಿದ್ದರು.

ಒಂದು ಬೆಳಿಗ್ಗೆ ನನ್ನನ್ನು ಸೋಮನಿಂಗ ಎಂಬ ಹೊಸ ಸಿಪಾಯಿಯ ಎದೆಗೆ ಬಿಗಿದರು. ಅವನೂ ಬಾಗಲಕೋಟೆ ಕಡೆಯವನೇ.

"ಹಿಡಿ ಎಲ್ಲೈತೋ ತಮ್ಮಾ?" ಎಂದ ಗುರುಪಾದ.

"ಇಲ್ಲೇ ಐತ್ರಿ, ಉಸ್ತಾದ್ರ." ಸೋಮನಿಂಗ ದೂರದಿಂದಲೇ ಬೆರಳು ತೋರಿಸಿದ.

"ಮುಟ್ಟಿ ತೋರ್ಸು."

"ಬ್ಯಾಡ್ರಿ, ಅಪಶಕುನ ಅಂತಾರ."

"ಮ್ಯಾಲೆ ಶಕುನ ಕೇಳಾಕ ಯಾರ ಅದಾರೋ? ಕಣ್ಣ ಮುಚ್ಚು. ಮುಟ್ಟು!"

ಮೊದಲು ಅವನ ಕೈ ಬೆಲ್ಟಿಗೆ ಹೋಯಿತು. ಗುರುಪಾದ ಬಿಡಲಿಲ್ಲ. ತಡಕಾಡದೆ ನೇರ ಹಿಡಿಗೇ ಬರುವವರೆಗೂ ಮಾಡಿಸಿದ. ಆ ಬೆವರಿದ ಅಂಗೈ ತಾಗಿದಾಗ ನನಗೆ ನಿಜಕ್ಕೂ ಖುಷಿಯಾಯಿತು.

ವಿಮಾನದಿಂದ ಜಿಗಿದ ಮೇಲೆ ದೊಡ್ಡಣ್ಣ ಅರಳಲೇ ಇಲ್ಲ. ಹಗ್ಗಗಳು ಸಿಕ್ಕುಬಿದ್ದು, ಹಿಂಡಿದ ಬಟ್ಟೆಯಂತೆ ತಲೆಯ ಮೇಲೆ ಪಟಪಟನೆ ಬಡಿದುಕೊಳ್ಳುತ್ತಿದ್ದ. ಸೋಮನಿಂಗ ಎರಡೂ ಕೈಯಿಂದ ಆ ಹಗ್ಗಗಳನ್ನೇ ಜಗ್ಗತೊಡಗಿದ. ನೆಲ ಮೇಲೇರಿ ಬರುತ್ತಿತ್ತು. ನನ್ನನ್ನು ಎಳೆಯೋ ಎಂದು ಕೂಗೋಣವೆಂದರೆ ನನಗೆ ಬಾಯಿಲ್ಲ. ಅಷ್ಟರಲ್ಲಿ ಅವನು ಕಣ್ಣು ಮುಚ್ಚಿದ. ಕೈ ನೇರವಾಗಿ ಹಿಡಿಗೆ ಬಂತು.

ಎಳೆದ! ದೊಡ್ಡಣ್ಣನಿಗೆ ಸುತ್ತಿಕೊಂಡರೆ ಇಬ್ಬರೂ ಕೆಟ್ಟೆವು ಎಂದು ಹೆದರುತ್ತಲೇ ಹೊರಗೆ ಹಾರಿದೆ, ಮೈತುಂಬ ಗಾಳಿ ಕುಡಿದೆ. ಮುಳ್ಳುಕಂಟಿಯ ಮೇಲೆ ಇಳಿದೆವು. ಅವನ ಕಾಲು ಉಳುಕಿತು, ನನ್ನ ಬಟ್ಟೆ ಹರಿಯಿತು. ಓಡಿ ಬಂದ ಗುರುಪಾದ ಅವನ ಕೈಕಾಲು ಮುಟ್ಟಿ ನೋಡಿ ನೋಡಿ, "ಶಕುನ ಹೆಂಗಿತ್ತೋ ಮಗನ?" ಎಂದ.

ಸೋಮನಿಂಗ ನನ್ನನ್ನು ತಬ್ಬಿಕೊಂಡು, "ಚಲೋ ಇತ್ರಿ," ಎಂದು ಅತ್ತುಬಿಟ್ಟ.

ಹರಿದ ಮೇಲೆ ನನಗೆ ಹಾರಾಟವಿಲ್ಲ. ತರಬೇತಿ ಶೆಡ್ಡಿನಲ್ಲಿದ್ದೇನೆ. ಹೊಸಬರೆಲ್ಲ ನನ್ನನ್ನು ಕಟ್ಟಿಕೊಂಡು, ಕಣ್ಣು ಮುಚ್ಚಿ, ಹಿಡಿ ಮುಟ್ಟುವುದನ್ನು ಕಲಿತು, ನನ್ನನ್ನು ಬಿಚ್ಚಿಟ್ಟ ಮೇಲೆಯೇ ವಿಮಾನ ಹತ್ತಬೇಕು. ವರ್ಷಗಳು ಕಳೆದು ಈಗ ಸೋಮನಿಂಗನೇ ಅವರ ಉಸ್ತಾದ್. ಅಷ್ಟು ಕೈಗಳು ತಾಗಿ ಹಿಡಿಯ ಕೆಂಪೆಲ್ಲ ಸವೆದುಹೋಗಿದೆ. ಮೊನ್ನೆ ಒಬ್ಬ ಬಣ್ಣದ ಡಬ್ಬಿ ಹಿಡಿದು ಬಂದ.

"ಬ್ಯಾಡ ಬಿಡಪಾ," ಎಂದ ಸೋಮನಿಂಗ. "ಇವ್ರು ಇದನ್ನ ಕಣ್ಣಿಲೆ ಹುಡುಕೂದಲ್ಲ."