ಚಪ್ಪಲಿ ಕಾಯುವ ಪಾಳಿ

ಸಂಜೆಯ ವಿಮಾನಕ್ಕೆ ಕಾಶಿಗೆ ಹಾರುವ ಮುಂಚೆ ಪ್ರವಾಸದ ತಂಡವನ್ನು ಸಾಂಚಿ ಗುಡ್ಡ ಹತ್ತಿಸಿದ್ದರು. ಸ್ತೂಪ ಸುತ್ತಿದ್ದಾಯಿತು. ಪಕ್ಕದ ಬುದ್ಧನ ಗುಡಿಯ ಬಾಗಿಲಲ್ಲಿ ಎಲ್ಲರೂ ಜೋಡು ಬಿಟ್ಟು ಒಳಗೆ ಹೋದರು. ಹಡಗಲಿಯ ಕಲ್ಯಾಣಮ್ಮ ಮಾತ್ರ ತನ್ನ ಚಪ್ಪಲಿಯ ಪಕ್ಕ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಯಾವ ಗುಡಿಗೆ ಹೋದರೂ ಅದೇ ರೂಢಿ. ಗಂಡ ಮರುಳಪ್ಪ ಮೊದಲು ಒಳಗೆ ಹೋಗುವುದು, ಇವಳು ಹೊರಗೆ ಚಪ್ಪಲಿ ಕಾಯುವುದು. ಅವನು ಬಂದ ಮೇಲೆ ಇವಳ ಪಾಳಿ. "ದೇವರ ಜೋಡಿ ಸಂಸಾರ ಹೂಡಿದ್ರೇನು? ಲಗೂನ ಬರಾಕ ಏನಾಗೈತಿ?" ಎಂದು ಮೂವತ್ತು ವರ್ಷ ಬೈದಿದ್ದಳು. ಹೋದ ಸಂಕ್ರಾಂತಿಗೆ ಅವನು ತೀರಿಕೊಂಡ. ಈಗ ಅವಳು ಕಾಯಬೇಕಾದದ್ದು ತನ್ನದೊಂದೇ ಜೊತೆ. ಹಾಳು ರಬ್ಬರಿನವು, ಬೀದಿಗೆ ಎಸೆದರೂ ಯಾರೂ ಮುಟ್ಟುವುದಿಲ್ಲ. ಆದರೂ ಏಳಲಾಗಲಿಲ್ಲ.

ಹೋದವರೆಲ್ಲ ಬಂದರು, ತಮ್ಮ ತಮ್ಮ ಜೋಡು ಮೆಟ್ಟಿಕೊಂಡು ಬಸ್ಸಿನತ್ತ ಇಳಿದರು. ಕಡೆಗೆ ಬಂದ ಗೈಡ್ ಪ್ರವೀಣಕುಮಾರ್ ಗಡಿಯಾರ ನೋಡಿಕೊಂಡು, "ಟೈಮಾತು, ಏಳ್ರಿ ಅಮ್ಮಾ. ನೀವು ಒಳಗ ಹೋಗಿ ಬಂದ್ರಿಲ್ಲೋ?" ಎಂದ.

"ಹೆಂಗ ಹೋಗ್ಲಪ್ಪ?" ಬಾಗಿಲನ್ನೇ ನೋಡುತ್ತ ಅವಳು ರೇಗಿದಳು. "ಒಳಗ ಹೋದೋರು ಇನ್ನೂ ಹೊರಗ ಬಂದಿಲ್ಲ."