ಅವ್ವನಿಗೆ ಕೂರಲು ಜಾಗ

೧೯೯೭ರ ಮಾರ್ಚ್‌ನಲ್ಲಿ ನಮ್ಮ ಪರಿಚಯದ ಬದರಿನಾಥ ಅವರ ತಂದೆ ಅಮೆರಿಕದ ರಾಲಿಯಲ್ಲಿ ತೀರಿಕೊಂಡರು. ತುಂಬಿದ ವಯಸ್ಸು, ನಿದ್ದೆಯಲ್ಲೇ ಹೋದ ಜೀವ. ಫ್ಯೂನರಲ್ ಹೋಮ್‌ಗೆ ನಾನು, ನನ್ನ ಗಂಡ ಸೋಮಲಿಂಗಪ್ಪ, ನಮ್ಮವ್ವ ಚನ್ನಮ್ಮ ಮೂವರೂ ಹೋಗಿದ್ದೆವು. ಮಂತ್ರ ಮುಗಿದ ಮೇಲೆ ಬದರಿನಾಥ ಗೋಡೆಯ ಮೇಲಿದ್ದ ಬಟನ್ ಒತ್ತಿದರು. ಒಳಗೆಲ್ಲೋ ಗುಂಯ್ ಅಂತ ಸದ್ದಾಯಿತು. ಅಷ್ಟೇ. ಎಲ್ಲರೂ ಹೊರಗೆ ಬಂದು ಕಾರು ಹತ್ತಿದೆವು.

ಹಿಂದಿನ ಸೀಟಿನಿಂದ ಅವ್ವ ಕೇಳಿದಳು, "ಸಿದ್ದೂ, ನನ್ನೂ ಹಿಂಗ ಸುಡತೀರೇನು?"

"ಅವ್ವಾ, ಈಗ್ಯಾಕ ಆ ಮಾತು?"

"ಮತ್ಯಾವಾಗ? ಸತ್ತ ಮ್ಯಾಲೆ ಎದ್ದು ಬಂದು ಕೇಳಲೇನು?"

ಸೋಮಲಿಂಗಪ್ಪನಿಗೆ ನಗು ಬಂತು. ನನಗೆ ಬರಲಿಲ್ಲ. ರೇಡಿಯೋ ಹಾಕಿಬಿಟ್ಟೆ.

ನಾವು ಲಿಂಗಾಯತರು. ಗದಗಿನ ಕಡೆ ನಮ್ಮ ಮನೆತನದಲ್ಲಿ ಯಾರು ಹೋದರೂ ಸುಡುವುದಿಲ್ಲ. ಪೂಜೆಗೆ ಕೂತ ಹಾಗೆ ಕೂರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ವಿಭೂತಿ, ಬಿಲ್ವಪತ್ರೆ ಹಾಕಿ ಮಣ್ಣು ಮಾಡುತ್ತೇವೆ. ಅಪ್ಪನನ್ನೂ ಹೊಲದ ಬದುವಿನ ಹತ್ತಿರ ಹಾಗೇ ಕೂರಿಸಿದ್ದು. ಅಪ್ಪ ಹೋದ ಮೇಲೆ ಅವ್ವ ರಾಲಿಯ ಪಕ್ಕದ ಕ್ಯಾರಿಯಲ್ಲಿದ್ದ ನಮ್ಮ ಮನೆಗೆ ಬಂದಳು. ಎಪ್ಪತ್ಮೂರು ವಯಸ್ಸು, ಬಿ.ಪಿ. ಇಲ್ಲ, ಶುಗರ್ ಇಲ್ಲ. ನಾನು ಮಕ್ಕಳ ಡಾಕ್ಟರು. ದಿನಾ ಆಸ್ಪತ್ರೆಯಲ್ಲಿ ಅಪ್ಪ ಅಮ್ಮಂದಿರಿಗೆ ಏನೇನೋ ಕಷ್ಟದ ಸುದ್ದಿ ಹೇಳುತ್ತೇನೆ. ನಮ್ಮವ್ವನ ಸಾವಿನ ಮಾತು ಬಂದರೆ ಮಾತ್ರ ಎದ್ದು ಹೋಗಿ ಪಾತ್ರೆ ತೊಳೆಯುತ್ತಿದ್ದೆ. ಅವ್ವ ಎರಡು ಸಲ ಕೇಳಿದಳು, ಎರಡು ಸಲವೂ ಪಾತ್ರೆ ತೊಳೆದೆ. ಮೂರನೇ ಸಲ ಅವಳು ನನ್ನನ್ನು ಕೇಳಲಿಲ್ಲ.

ಕೃಷ್ಣಪ್ರಸಾದ ಅಂಕಲ್‌ರನ್ನು ಕೇಳಿದಳು.

ಕೃಷ್ಣಪ್ರಸಾದ ಅಂಕಲ್ ಮೈಸೂರಿನವರು. ನಮ್ಮ ಬಡಾವಣೆಯಲ್ಲೇ ನಾಲ್ಕು ಮನೆ ಆಚೆ, ಹೆಂಡತಿ ನೀರಜಾ ಆಂಟಿ ಜೊತೆ ದೊಡ್ಡ ಮಗಳ ಮನೆಯಲ್ಲಿದ್ದರು. ಅದಕ್ಕೆ ಮುಂಚೆ ದುಬೈನಲ್ಲಿ ಹತ್ತೊಂಬತ್ತು ವರ್ಷ ಹಡಗಿನ ಕಂಪನಿಯಲ್ಲಿ ಕೆಲಸ ಮಾಡಿದವರು. ಅಲ್ಲಿ ಕನ್ನಡದವರು ಯಾರೇ ತೀರಿಕೊಂಡರೂ ಫೋನು ಇವರಿಗೇ ಬರುತ್ತಿತ್ತಂತೆ. ಪೊಲೀಸರ ಕಾಗದ, ರಾಯಭಾರ ಕಚೇರಿಯ ಕಾಗದ, ಸುಡುವ ಜಾಗ ಎಲ್ಲಿ, ಕ್ರೈಸ್ತರ ಸ್ಮಶಾನ ಎಲ್ಲಿ, ಊರಿಗೆ ಕಳಿಸುವುದಾದರೆ ಯಾವ ವಿಮಾನ, ಎಲ್ಲ ಅವರಿಗೆ ಬಾಯಿಪಾಠ. ಕ್ಯಾರಿಗೆ ಬಂದ ಮೇಲೆ ಅವರಿಗೆ ಹುಲ್ಲು ಕತ್ತರಿಸುವುದು ಬಿಟ್ಟರೆ ಬೇರೆ ಕೆಲಸವೇ ಇರಲಿಲ್ಲ. ಅವ್ವ ವಿಷಯ ಎತ್ತಿದ್ದೇ ತಡ, "ನೀವು ಯೋಚನೆ ಬಿಡಿ ಚನ್ನಮ್ಮನವರೇ, ನಾವಿಬ್ಬರೂ ಹೋಗಿ ನೋಡಿಕೊಂಡು ಬರೋಣ" ಅಂದರಂತೆ.

ಏಪ್ರಿಲ್ ತಿಂಗಳು ಪೂರ್ತಿ, ನಾನು ಡ್ಯೂಟಿಗೆ ಹೋದ ಮೇಲೆ, ಇವರಿಬ್ಬರೂ ಅಂಕಲ್‌ರ ಹಳೆಯ ಕಾರಿನಲ್ಲಿ ಸ್ಮಶಾನ ನೋಡುತ್ತಾ ತಿರುಗಿದ್ದಾರೆ. ಇದು ನನಗೆ ಗೊತ್ತಾದದ್ದು ಆಮೇಲೆ.

ಮೊದಲು ಹೋದದ್ದು ಒಂದು ದೊಡ್ಡ ಮೆಮೋರಿಯಲ್ ಪಾರ್ಕಿಗೆ. ಅಲ್ಲಿಯ ಹೆಣ್ಣುಮಗಳು ಬಹಳ ಮರ್ಯಾದೆಯಿಂದ ಶವಪೆಟ್ಟಿಗೆಗಳನ್ನೆಲ್ಲ ತೋರಿಸಿದಳು. ಒಂದರೊಳಗೆ ರೇಷ್ಮೆ ದಿಂಬು, ಇನ್ನೊಂದರೊಳಗೆ ಗುಲಾಬಿ ಬಣ್ಣದ ಹೊದಿಕೆ. ಅವ್ವ ಹಾಸಿಗೆ ಒತ್ತಿ ನೋಡಿ, "ಭಾಳ ಮೆತ್ತಗೈತಿ, ನಿದ್ದಿ ಹತ್ತತೈತಿ. ಕುಂಡ್ರೂದು ಎಲ್ಲಿ?" ಅಂದಳು. ಅಂಕಲ್ ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಆ ಹುಡುಗಿ ಕುರ್ಚಿ ತಂದುಕೊಟ್ಟಳು.

ಅಲ್ಲಿ ಪೆಟ್ಟಿಗೆ, ಅದರ ಸುತ್ತ ಕಾಂಕ್ರೀಟು, ಮಲಗಿಸಿಯೇ ಇಡಬೇಕು ಅನ್ನುವುದು ನಿಯಮ. ಇನ್ನೂ ಎರಡು ಕಡೆ ಅದೇ ಉತ್ತರ. ಅಂಕಲ್ ಆಮೇಲೆ ರಾಲಿಯ ಒಂದು ಮಸೀದಿಗೆ ಹೋಗಿ ವಿಚಾರಿಸಿದರು. ಅಲ್ಲಿದ್ದ ಹೈದರಾಬಾದಿನ ಹಿರಿಯರೊಬ್ಬರು ಚಹಾ ಕೊಟ್ಟು ಕೂರಿಸಿ, "ನಾವೂ ಇದೇ ತಾಪತ್ರಯ ಪಟ್ಟವರು. ಪೆಟ್ಟಿಗೆ ಬೇಕೇಬೇಕು ಅಂತ ಇಲ್ಲಿಯ ಕಾನೂನಿನಲ್ಲಿ ಇಲ್ಲ. ಅದು ಆಯಾ ಸ್ಮಶಾನದವರ ನಿಯಮ. ಹಳ್ಳಿ ಕಡೆ ಸಣ್ಣ ಚರ್ಚುಗಳಿಗೆ ತಮ್ಮದೇ ಸ್ಮಶಾನ ಇರುತ್ತೆ, ಕೇಳಿ ನೋಡಿ" ಅಂದರು.

ಅಂಕಲ್‌ಗೆ ಹೈವೇ ಅಂದರೆ ಭಯ. ಎಲ್ಲಿಗೆ ಹೋಗುವುದಾದರೂ ಹಳೆಯ ಒಳದಾರಿಗಳಲ್ಲೇ, ಗಂಟೆಗೆ ನಲವತ್ತು ಮೈಲಿ ಮೀರದ ಹಾಗೆ ಹೋಗುತ್ತಿದ್ದರು. ಹಾಗೆ ಹೋಗುವಾಗ ಒಂದು ದಿನ ದಾರಿ ತಪ್ಪಿತು. ರಸ್ತೆಯ ಪಕ್ಕ ಬಿಳಿ ಬಣ್ಣದ ಸಣ್ಣ ಚರ್ಚು, ಅದರ ಹಿಂದೆ ನಾಲ್ಕೈದು ಓಕ್ ಮರ, ಮರದ ಕೆಳಗೆ ಸಮಾಧಿಗಳು, ಅದರಾಚೆ ಉತ್ತು ಬಿಟ್ಟ ಕೆಂಪು ಮಣ್ಣಿನ ಹೊಲ.

"ರಾಯರ, ಗಾಡಿ ನಿಲ್ಲಸ್ರಿ," ಅಂದಳು ಅವ್ವ. "ಇಲ್ಲಿ ಹೊಲದಾಗ ಮಣ್ಣು ಕೊಟ್ಟಾರ."

ಒಬ್ಬ ಹಿರಿಯ ಕರಿಯ ಗೃಹಸ್ಥರು ಸಮಾಧಿಗಳ ನಡುವೆ ಹುಲ್ಲು ಕತ್ತರಿಸುತ್ತಿದ್ದರು. ಮಷೀನು ನಿಲ್ಲಿಸಿ ಬಂದರು. ಹೆಸರು ಲೆಸ್ಟರ್ ಮ್ಯಾಂಗಮ್, ಆ ಚರ್ಚಿನ ಡೀಕನ್, ಅಂದರೆ ಅಲ್ಲಿಯ ಹಿರಿಯರಲ್ಲಿ ಒಬ್ಬರು. ಆ ಹೆಸರು ಅವ್ವನ ಕಿವಿಗೆ ಮಂಗಮ್ಮ ಅಂತಲೇ ಬಿತ್ತು. ಗಂಡಸಿಗೆ ಯಾಕೆ ಆ ಹೆಸರು ಅಂತ ಕೇಳುವ ಗೋಜಿಗೆ ಹೋಗದೆ ಅವಳು ಅದನ್ನೇ ಇಟ್ಟುಕೊಂಡಳು.

ಅಂಕಲ್ ಬಂದ ಕಾರಣ ವಿವರಿಸುತ್ತಿದ್ದರು. ಅದು ಮುಗಿಯುವ ತನಕ ಕಾಯದೆ ಅವ್ವ ಎರಡು ಹೆಜ್ಜೆ ಮುಂದೆ ಹೋಗಿ, ಹುಲ್ಲಿನ ಮೇಲೆ ಕಾಲು ಮಡಚಿ ಕೂತು, ಎಡಗೈ ಎದೆಯ ಹತ್ತಿರ ಹಿಡಿದು ಕಣ್ಣು ಮುಚ್ಚಿದಳು. ಮ್ಯಾಂಗಮ್ ಅವರಿಗೆ ಗಾಬರಿಯಾಗಿ, ಬಿಸಿಲು ಹತ್ತಿತು ಅಂದುಕೊಂಡು, ಓಡಿ ಹೋಗಿ ಥರ್ಮಾಸ್ ತಂದು ನೀರು ಚಿಮುಕಿಸಿದರು. ಅವ್ವ ಕಣ್ಣು ಬಿಟ್ಟು, "ಇನ್ನೂ ಇಲ್ಲ ಮಂಗಮ್ಮ, ತೋರಸಾಕತ್ತೀನಿ!" ಅಂದಳು. ಅಂಕಲ್ ನಗುವುದೋ ಅನುವಾದ ಮಾಡುವುದೋ ತಿಳಿಯದೆ ಕಾರಿಗೆ ಒರಗಿ ನಿಂತರಂತೆ. ಅರ್ಥವಾದ ಮೇಲೆ ಮ್ಯಾಂಗಮ್ ಟೋಪಿ ತೆಗೆದು, "ನಮ್ಮಲ್ಲಿ ಟ್ರಸ್ಟಿಗಳು ಒಪ್ಪಬೇಕು. ನಾನು ಕೇಳಿ ಹೇಳುತ್ತೇನೆ, ನಿಮ್ಮ ಫೋನ್ ನಂಬರ್ ಕೊಡಿ" ಅಂದರು.

ಅಂಕಲ್ ಕೊಟ್ಟದ್ದು ನಮ್ಮ ಮನೆಯ ನಂಬರು.

ಮೇ ತಿಂಗಳ ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ಬೇಗ ಬಂದೆ. ಆನ್ಸರಿಂಗ್ ಮಷೀನಿನಲ್ಲಿ ಕೆಂಪು ದೀಪ ಮಿಣುಕುತ್ತಿತ್ತು. ಒತ್ತಿದೆ. ಗಂಭೀರವಾದ, ನಿಧಾನದ ಗಂಡಸಿನ ದನಿ: ಮಿಸೆಸ್ ಚನ್ನಮ್ಮನವರ ಸಮಾಧಿಯ ವಿಷಯ, ಎಷ್ಟು ಆಳ ತೋಡಬೇಕಾಗುತ್ತೆ ಅಂತ ಟ್ರಸ್ಟಿಗಳು ಕೇಳುತ್ತಿದ್ದಾರೆ, ದಯವಿಟ್ಟು ತಿಳಿಸಿ, ದೇವರು ನಿಮ್ಮ ಕುಟುಂಬಕ್ಕೆ ಒಳ್ಳೆಯದು ಮಾಡಲಿ.

"ಅವ್ವಾ!" ಅಂತ ಕಿರುಚಿದೆ.

"ಯಾಕವಾ?" ಅಂತ ಅಡುಗೆಮನೆಯಿಂದ ದನಿ ಬಂತು. ಅವ್ವ ನೆಲದ ಮೇಲೆ ಪೇಪರ್ ಹಾಸಿಕೊಂಡು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು.

ಅಪ್ಪಿಕೊಂಡೆ. ಆಮೇಲೆ ಬೈದೆ. ಆಮೇಲೆ ಎಲ್ಲ ಬಾಯಿ ಬಿಡಿಸಿ ಕೇಳಿ ಮತ್ತೆ ಬೈದೆ. ಅಂಕಲ್‌ಗೆ ಫೋನ್ ಮಾಡಿ, "ನನಗೆ ಒಂದು ಮಾತು ಹೇಳಬಾರದಿತ್ತಾ ಅಂಕಲ್? ನಮ್ಮವ್ವನ್ನ ಸ್ಮಶಾನ ಸ್ಮಶಾನ ತಿರುಗಿಸಿದ್ದೀರಲ್ಲ!" ಅಂತ ಕೂಗಾಡಿದೆ. ಐದೇ ನಿಮಿಷಕ್ಕೆ ಅವರು ನಮ್ಮ ಬಾಗಿಲಲ್ಲಿದ್ದರು. ಕೂರಲಿಲ್ಲ.

"ತಪ್ಪಾಯ್ತಮ್ಮ. ನಿನ್ನ ಕೇಳಬೇಕಿತ್ತು," ಅಂದರು. "ದುಬೈನಲ್ಲಿದ್ದಾಗ ಒಂದು ಹುಡುಗ ಹೋಗಿಬಿಟ್ಟ. ಬಿಜಾಪುರದ ಕಡೆಯವನು, ಇಪ್ಪತ್ತಾರು ವರ್ಷ. ಕೊರಳಲ್ಲಿ ಲಿಂಗ ಇತ್ತು. ನಾನು ಅಷ್ಟೆಲ್ಲ ತಿಳಿದವನಲ್ಲ. ಫಾರಮ್ಮಿನಲ್ಲಿ ಹಿಂದೂ ಅಂತ ಬರೆದೆ, ಸುಡೋ ಜಾಗಕ್ಕೆ ಕರಕೊಂಡು ಹೋದೆ, ನಾನೇ ನಿಂತು ಎಲ್ಲ ಮಾಡಿದೆ. ತಿಂಗಳಾದ ಮೇಲೆ ಅವನ ತಾಯಿ ಯಾರ ಕೈಲೋ ಕಾಗದ ಬರೆಸಿದ್ದರು. ನನ್ನ ಮಗನ್ನ ಸರಿಯಾಗಿ ಕೂರಿಸಿದ್ರಾ ಅಂತ. ನಾನು ಉತ್ತರ ಬರೀಲೇ ಇಲ್ಲ. ಹನ್ನೊಂದು ವರ್ಷ ಆಯ್ತು."

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅವ್ವನಿಗೂ ಇದು ಹೊಸ ಸುದ್ದಿ. ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟು ಅಂದಳು, "ರಾಯರ, ನೀವು ಇರಲಿಲ್ಲಂದ್ರ ಆ ಹುಡುಗಗ ಯಾರಿದ್ರು? ಹೆಗಲು ಕೊಟ್ಟು ಕಣ್ಣೀರು ಹಾಕಿದವರು ಒಬ್ಬರರ ಇದ್ರು ಅಂತ ಆ ತಾಯಿಗೆ ಗೊತ್ತಾಗಬೇಕು. ಈಗರ ಬರೀರಿ. ಇದ್ದದ್ದು ಇದ್ದಂಗ ಬರೀರಿ."

"ಇಷ್ಟು ವರ್ಷ ಆದ ಮೇಲೆ ಏನಂತ ಬರೀಲಿ?"

"ಕುಂಡ್ರರಿ, ನಾ ಹೇಳತೀನಿ."

ಅವರು ನಮ್ಮ ಊಟದ ಟೇಬಲ್ಲಿಗೆ ಕೂತು ಬರೆದರು. ಅವ್ವ ನಿಂತು ಹೇಳಿದಳು. ಮೂರು ಹಾಳೆ ತುಂಬಿತು. ನಾನು ಆ ಹೊತ್ತಿಗೆ ಪಾತ್ರೆ ತೊಳೆಯಲು ಹೋಗಲಿಲ್ಲ, ಅಲ್ಲೇ ಇದ್ದೆ. ಬರೆದು ಮುಗಿದ ಮೇಲೆ ಮ್ಯಾಂಗಮ್ ಅವರಿಗೆ ನಾನೇ ಫೋನ್ ಮಾಡಿ, "ಆಳ ಎಷ್ಟು ಅಂತ ನಾವೇ ಬಂದು ಹೇಳುತ್ತೇವೆ" ಅಂದೆ.

ಜೂನ್ ಮೊದಲ ಶನಿವಾರ ಟ್ರಸ್ಟಿಗಳ ಸಭೆ. ನೀರಜಾ ಆಂಟಿಯೂ ಸೇರಿ ಐದು ಜನ ಒಂದೇ ಕಾರಿನಲ್ಲಿ ಹೊರಟೆವು. ದಾರಿಯಲ್ಲಿ ಆಂಟಿ ಗಂಡನ ಕಡೆ ತಿರುಗಿ, "ಊರಿಗೆಲ್ಲ ಜಾಗ ಹುಡುಕಿದ್ರಿ. ನಮ್ಮದೇನು ಅಂತ ಒಂದು ದಿನ ಆದ್ರೂ ಮಾತಾಡಿದ್ರಾ? ನಮಗಿರೋದು ಇಬ್ಬರೂ ಹೆಣ್ಣುಮಕ್ಕಳು. ಬಟನ್ ಯಾರು ಒತ್ತೋದು?" ಅಂದರು.

ಅವ್ವ ಅಂದಳು, "ಹೆಣ್ಮಕ್ಕಳಿಗೆ ಬೆರಳಿಲ್ಲೇನು? ಇಬ್ಬರೂ ಕೂಡಿ ಒತ್ತಲಿ."

ಆಂಟಿ ಜೋರಾಗಿ ನಕ್ಕರು. ಆ ವಿಷಯ ಅಲ್ಲಿಗೆ ತೀರ್ಮಾನವಾಯಿತು.

ಚರ್ಚಿನ ಹಿಂದಿನ ಕೋಣೆಯಲ್ಲಿ ಐವರು ಟ್ರಸ್ಟಿಗಳು ಕೂತಿದ್ದರು. ಒಬ್ಬರಿಗೆ ಅನುಮಾನ, "ಇವರು ನಮ್ಮ ಧರ್ಮದವರಲ್ಲ. ನಮ್ಮವರ ನಡುವೆ ಇವರಿಗೆ ಸಮಾಧಾನ ಇರುತ್ತಾ?" ನಾನು ಅನುವಾದಿಸಿದೆ.

"ಅವ್ರಿಗೆ ನನ್ನ ಅಡ್ಡಿ ಇಲ್ಲಂದ್ರ ನಂಗೂ ಅವ್ರ ಅಡ್ಡಿ ಇಲ್ಲ," ಅಂದಳು ಅವ್ವ. "ನಮ್ಮೂರಾಗ ಎಲ್ಲಾ ನಮ್ಮ ಬೀಗರ ಅದಾರ, ಸತ್ತ ಮ್ಯಾಲೂ ಜಗಳ ಬಿಟ್ಟಿಲ್ಲ. ಇಲ್ಲಿ ಶಾಂತಿ ಐತಿ."

ನಾನು ಇದ್ದ ಹಾಗೇ ಹೇಳಿದೆ. ಎಲ್ಲರೂ ಮೇಜು ಬಡಿದು ನಕ್ಕರು. ತುದಿಯಲ್ಲಿ ಟೋಪಿ ಹಾಕಿಕೊಂಡು ಕೂತಿದ್ದ, ತೊಂಬತ್ತು ದಾಟಿದ ಅಜ್ಜಿಯೊಬ್ಬರು ಮಾತ್ರ ನಗಲಿಲ್ಲ. ಅವರಿಗೆ ಬೇರೆಯೇ ಚಿಂತೆ. "ನಮ್ಮಲ್ಲಿ ಯಾರನ್ನೂ ಹಾಡಿಲ್ಲದೆ ಕಳಿಸೋದಿಲ್ಲ. ಇವರಿಗೆ ಹಾಡೋರು ಯಾರು?"

"ನಾವೂ ಹಾಡಿಲ್ಲದ ಕಳಸಂಗಿಲ್ಲ," ಅಂದಳು ಅವ್ವ. "ರಾತ್ರಿ ತನಕ ಭಜನಿ ಇರತೈತಿ."

"ಹಾಗಾದರೆ ಒಂದು ಹಾಡಲಿ, ಕೇಳೋಣ."

ಅವ್ವ ಸೆರಗು ಸರಿ ಮಾಡಿಕೊಂಡು, ತೊಡೆಯ ಮೇಲೆ ತಾಳ ಹಾಕುತ್ತಾ ನಮ್ಮೂರ ಮಠದ ಭಜನೆಯೊಂದನ್ನು ಎತ್ತಿಕೊಂಡಳು. ಎರಡನೇ ಸಲ ಪಲ್ಲವಿ ಬರುವಾಗ ಆ ಅಜ್ಜಿಯ ಕಾಲು ತಾಳ ಹಾಕುತ್ತಿತ್ತು. ಮೂರನೇ ಸಲಕ್ಕೆ ಮ್ಯಾಂಗಮ್ ಪದ ಗೊತ್ತಿಲ್ಲದೆ ಬರೀ ದನಿ ಸೇರಿಸಿದರು. ಎಂಥ ತುಂಬು ದನಿ ಅದು! ಒಪ್ಪಿಗೆಗೆ ಐದಕ್ಕೆ ಐದೂ ಕೈ ಮೇಲೆದ್ದವು.

ಓಕ್ ಮರದ ಕೆಳಗೆ, ಹೊಲದ ಕಡೆಯ ಮೂಲೆಯನ್ನು ಅವ್ವ ಆರಿಸಿಕೊಂಡಳು. ಅಲ್ಲೇ ಕೂತಳು. ಸೋಮಲಿಂಗಪ್ಪ ರಸ್ತೆ ಇಲಾಖೆಯ ಎಂಜಿನಿಯರು, ಟೇಪು ಹಿಡಿದು ನೆಲದಿಂದ ನೆತ್ತಿಯ ತನಕ, ಮೊಣಕಾಲಿಂದ ಮೊಣಕಾಲಿಗೆ ಅಳೆದು ಚೀಟಿಯಲ್ಲಿ ಬರೆದುಕೊಂಡ.

"ಅತ್ತಿ, ಅಳತಿ ತಗೊಂಡೀನಿ. ಇನ್ನ ಮ್ಯಾಲೆ ದಪ್ಪ ಆಗಂಗಿಲ್ಲ ನೋಡ್ರಿ."

"ಒಂದು ಗೇಣು ಜಾಸ್ತಿ ಹಿಡೀರಿ ಅಳಿಯಾರ. ನಂಗ ಇಕ್ಕಟ್ಟಾದ್ರ ಆಗಂಗಿಲ್ಲ."

ನಗುತ್ತಾ ನಗುತ್ತಾ ನನಗೆ ಅಳು ಬಂತು. ಅವ್ವ ನನ್ನ ಕೈ ಎಳೆದು ಪಕ್ಕಕ್ಕೆ ಕೂರಿಸಿಕೊಂಡಳು. ಹೊಲದ ಕಡೆಯಿಂದ ಗಾಳಿ ಬೀಸುತ್ತಿತ್ತು. "ತಂಪೈತಿ, ಅಲ್ಲಾ?" ಅಂದಳು. ಹೌದು, ತಂಪಿತ್ತು. ಮಾರ್ಚ್‌ನಿಂದ ನಾನು ಅಷ್ಟು ನಿರಾಳವಾಗಿ ಎಲ್ಲೂ ಕೂತಿರಲಿಲ್ಲ.

ಆಗಸ್ಟ್‌ನಲ್ಲಿ ಆ ಚರ್ಚಿನ ಹೋಮ್‌ಕಮಿಂಗ್. ಊರು ಬಿಟ್ಟು ಹೋದವರೆಲ್ಲ ವರ್ಷಕ್ಕೊಮ್ಮೆ ಬಂದು, ಸಮಾಧಿಗಳಿಗೆ ಹೂವಿಟ್ಟು, ಮರದ ಕೆಳಗೆ ಒಟ್ಟಿಗೆ ಊಟ ಮಾಡುವ ದಿನ. ಅವ್ವನಿಗೆ ಬೇರೆಯಾಗಿ ಕರೆ ಬಂದಿತ್ತು. ಹಿಂದಿನ ದಿನವೆಲ್ಲ ರೊಟ್ಟಿ ಬಡಿದು, ಶೇಂಗಾ ಚಟ್ನಿಪುಡಿ ಕುಟ್ಟಿ ತಂದಿದ್ದಳು. ಅವರ ಕಡೆ ಶೇಂಗಾ ಕುದಿಸಿ ತಿನ್ನುತ್ತಾರೆ. ಮ್ಯಾಂಗಮ್ ಅವರ ಹೆಂಡತಿ ಚಟ್ನಿಪುಡಿಯನ್ನು ಹುರಿದ ಕೋಳಿಯ ಮೇಲೆ ಉದುರಿಸಿ ತಿಂದು, ಕಣ್ಣಲ್ಲಿ ನೀರು ಸುರಿಸುತ್ತಾ ಇನ್ನಷ್ಟು ಕೇಳಿದರು. ಅವ್ವ ಕೋಳಿಯಿಂದ ಮೂರು ಕುರ್ಚಿ ದೂರ ಕೂತು, ಕುದಿಸಿದ ಶೇಂಗಾ ಒಂದೊಂದೇ ಸುಲಿಯುತ್ತಾ, ಎಲ್ಲರೂ ಹೇಳಿದ್ದಕ್ಕೆಲ್ಲ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದಳು.

ನಾಲ್ಕು ಗಂಟೆಗೆ ನಾನು ಪಾತ್ರೆಗಳನ್ನೆಲ್ಲ ಕಾರಿಗೆ ತುಂಬಿ ಕರೆದೆ, "ಅವ್ವಾ, ಹೋಗೂಣು ಬಾ."

ಅವಳು ಆ ಟೋಪಿಯ ಅಜ್ಜಿಯ ಪಕ್ಕದಿಂದ ಏಳಲಿಲ್ಲ. "ನೀವು ಹೋಗ್ರಿ," ಅಂದಳು. "ಇನ್ನೂ ಹಾಡೂದೈತಂತ. ಮಂಗಮ್ಮ ನನ್ನ ಮನಿತನಕ ತಂದು ಬಿಡ್ತಾನ."