ಗೋಡೆ ಒಡೆದು ಕೂರಿಸಿದ ಆರಡಿ ಗಾಜು

ನಾಗಣ್ಣನ ಕೈ ಮಾತಿಗಿಂತ ಮುಂದೆ ಓಡುತ್ತಿತ್ತು. ಆದರೆ ಅವನು ಹೆಂಡತಿಯನ್ನು ಹೊಡೆಯುವುದು ಅಡುಗೆಮನೆಯಲ್ಲಿ ಮಾತ್ರ. ಪಡಸಾಲೆಯ ಟಿ.ವಿ. ಜೋರು ಮಾಡಿ ಒಳಗೆ ಬಂದನೆಂದರೆ ಜಯದೇವಿ ಮೊದಲು ಒಲೆ ಆರಿಸುತ್ತಿದ್ದಳು. ಬಿಸಿ ಬರ್ನರಿಗೆ ಅವನು ಒತ್ತಿ ಹಿಡಿದಿದ್ದ ಅವಳ ಅಂಗೈಯ ಸುಟ್ಟ ಗುರುತು ಇನ್ನೂ ಮಾಸಿರಲಿಲ್ಲ. ಖೂಬಾ ಪ್ಲಾಟ್ ಬಡಾವಣೆಯ ಮಂದಿಗೋ ಅವನು ದೇವರಂಥವನು, ಸಿಮೆಂಟ್ ಅಂಗಡಿಯ ಮೆತ್ತನೆ ಮಾತಿನ ಸಾಹುಕಾರ. ಮನೆಗೆ ಮಾರಿ, ಊರಿಗೆ ಉಪಕಾರಿ. ಥೂ!

ಒಮ್ಮೆ ಒಡೆದ ತುಟಿಯಲ್ಲೇ ಅವಳು ಕಮಲಾಪುರದ ತವರಿಗೆ ಹೋಗಿದ್ದಳು. ಅಣ್ಣ ದೇವೀಂದ್ರಪ್ಪ ಅವಳ ಮುಖವನ್ನು ಸರಿಯಾಗಿ ನೋಡಲೂ ಇಲ್ಲ.

"ನಿಮ್ಮ ಮನಿಯವರು ಅಂಥವರಲ್ಲ ತಂಗಿ. ನೀನೇ ಏನರ ಅಂದಿರ್ತಿ. ನಾ ಕಣ್ಣಾರೆ ನೋಡಿಲ್ಲ, ಹ್ಯಾಂಗ ಕೇಳ್ಲಿ?" ಎಂದು ಕೆಂಪು ಬಾಳೆಯ ಚಿಪ್ಪೊಂದನ್ನು ಮಡಿಲಿಗಿಟ್ಟು ಬಸ್ಸು ಹತ್ತಿಸಿದ್ದ. ಅಣ್ಣ ಕಣ್ಣಾರೆ ನೋಡಿದರೆ ಬಿಡಿಸುತ್ತಾನೆ ಎಂಬ ಒಂದೇ ಆಸೆಗೆ ಅವಳು ಜೋತುಬಿದ್ದಳು.

ಅಷ್ಟರಲ್ಲಿ ನಾಗಣ್ಣನಿಗೆ ಮೀನಿನ ತೊಟ್ಟಿಯ ಹುಚ್ಚು ಹತ್ತಿತು. ಕೊರಳಲ್ಲಿ ಲಿಂಗವಿದ್ದವನು ಮೀನು ತಿನ್ನಬಾರದು, ನೋಡುವುದಕ್ಕೇನು ಅಡ್ಡಿ? ಪಡಸಾಲೆಗೂ ಅಡುಗೆಮನೆಗೂ ನಡುವಿನ ಗೋಡೆ ಒಡೆದು ನಾಲ್ಕಡಿ ತೊಟ್ಟಿ ಕೂರಿಸುವುದೆಂದು ಸೀಮೆಸುಣ್ಣದಲ್ಲಿ ಗೆರೆ ಎಳೆದ. ಹಿಂಬದಿಗೆ ನೀಲಿ ಕಾಗದ ಹಚ್ಚುವ ಯೋಚನೆಯಿತ್ತು.

"ನಾಕಡಿ ಏನ್ ಛಂದ ರೀ? ಆರಡಿ ಇರ್ಲಿ, ನನ್ನ ತಲಿ ಮಟ ಎತ್ತರ ಇರ್ಲಿ," ಎಂದಳು ಜಯದೇವಿ. "ಹಿಂದ ಕಾಗದ ಬ್ಯಾಡ್ರಿ. ಎರಡೂ ಕಡಿಂದ ಕಂಡ್ರ ಬಂದವರು ಬೆರಗಾಗ್ತಾರ."

"ಹೊಲಸ ನೀರು ಎಲ್ಲಿ ಬಿಡಬೇಕು?"

"ಅಡಗಿಮನಿ ಮೋರಿಗೆ ಪೈಪ್ ಇಳಸ್ರಿ. ವಾಲ್ವ್ ನನ್ನ ಕಡೆ ಇರ್ಲಿ. ನೀರ ಬದಲಸಾಕಿ ನಾನೇ ಅಲ್ಲೇನ್ರಿ?"

"ಈಗ ಬಂತು ನೋಡು ಬುದ್ಧಿ," ಎಂದು ನಾಗಣ್ಣ ಅವಳ ತಲೆಗೆ ಮೊಟಕಿದ. ಶಹಾಬಾದ್ ಕಲ್ಲಿನ ಕಟ್ಟೆಯ ಮೇಲೆ ಬೆರಳು ದಪ್ಪದ ಗಾಜು ನಿಂತಿತು. ನಲ್ಲಿ ನೀರು ಬಂದ ದಿನ ಮನೆಯ ಕೊಡಗಳಿಗಿಂತ ಮೊದಲು ತೊಟ್ಟಿ ತುಂಬಿತು.

ಹೊಸ ತೊಟ್ಟಿಯ ಪೂಜೆಯ ದಿನ ಪಡಸಾಲೆ ತುಂಬ ಜನ. ಕಮಲಾಪುರದಿಂದ ಬಂದ ದೇವೀಂದ್ರಪ್ಪ ಗಾಜಿನ ಎದುರಿಗೇ ಕೂತಿದ್ದ. ಜಯದೇವಿ ಅಡುಗೆಮನೆಯ ದೀಪ ಹಾಕಿ, ಬೇಕೆಂದೇ ವಾಲ್ವ್ ಸಡಿಲಿಸಿದಳು. ನೀರು ನೆಲಕ್ಕೆ ಹರಿಯಿತು.

"ರೀ, ಪೈಪ್ ಸೋರಾಕತ್ತದ!" ಎಂದು ಕೂಗಿದಳು.

ನಾಗಣ್ಣ ಬಂದವನೇ ರೂಢಿಯಂತೆ ಬಾಗಿಲು ಹಾಕಿದ. ಗೋಡೆ ಇಲ್ಲವೆಂಬುದು ಅವನ ಕೈಗೆ ನೆನಪಿರಲಿಲ್ಲ. ಕೂದಲು ಹಿಡಿದು ಅವಳ ತಲೆಯನ್ನು ಕಟ್ಟೆಗೆ ಬಡಿದ, ಹೊಟ್ಟೆಗೆ ಒದ್ದ. ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ಅವಳು ಕೈ ಅಡ್ಡ ಹಿಡಿಯದೆ ಮುಖವನ್ನು ಗಾಜಿನತ್ತ ತಿರುಗಿಸಿದಳು. ನೀರಿನಾಚೆ ಅಣ್ಣನ ಕಣ್ಣು ಅವಳ ಕಣ್ಣಿಗೆ ಸಿಕ್ಕಿತು. ನೋಡಿದ! ಪಡಸಾಲೆಯೆಲ್ಲ ನೋಡಿತು.

ದೇವೀಂದ್ರಪ್ಪ ತಲೆ ತಗ್ಗಿಸಿದ. ಆಮೇಲೆ ಪಕ್ಕದವನಿಗೆ ಬೆರಳು ಮಾಡಿ ತೋರಿಸಿದ.

"ಆ ಕೆಂಪ ಮೀನ ನೋಡ್ರಿ, ಎಷ್ಟ ಛಂದ ಅದ."

ಹೊಡೆತಕ್ಕಿಂತ ಆ ಮಾತು ಜಯದೇವಿಯನ್ನು ಹೆಚ್ಚು ನೋಯಿಸಿತು. ಪಡಸಾಲೆಯಲ್ಲಿ ಒಬ್ಬರೂ ಬೆಚ್ಚಿರಲಿಲ್ಲ, ಎಲ್ಲರಿಗೂ ಮೊದಲೇ ಗೊತ್ತಿತ್ತು! ಸಿಟ್ಟು ನೆತ್ತಿಗೇರಿತು. ಮೂಲೆಯಲ್ಲಿದ್ದ ಖಾರ ಕುಟ್ಟುವ ಕಬ್ಬಿಣದ ಹಾರೆ ಎತ್ತಿದಳು. ಏಟು ತನಗೇ ಎಂದು ನಾಗಣ್ಣ ತಲೆ ಮುಚ್ಚಿಕೊಂಡು ಕುಸಿದ. ಅವಳು ಅವನನ್ನು ದಾಟಿ ಗಾಜಿಗೆ ಬೀಸಿದಳು. ಮೊದಲ ಏಟಿಗೆ ಬಿರುಕು. ಮುಂದಿನದಕ್ಕೆ ಇಡೀ ತೊಟ್ಟಿ ಸಿಡಿದು, ನೀರು ಪಡಸಾಲೆಗೆ ನುಗ್ಗಿ ಕುರ್ಚಿ, ಫಳಾರದ ತಟ್ಟೆ, ಮಂದಿ ಎಲ್ಲವನ್ನೂ ಕೆಡವಿತು. ಚೂರೊಂದು ದೇವೀಂದ್ರಪ್ಪನ ತುಟಿ ಹರಿಯಿತು. ಕೆಂಪು ಮೀನು ಅವನ ಮಡಿಲಲ್ಲಿ ಬಿದ್ದು ಒದ್ದಾಡಿತು.

"ಈಗರ ಕಂಡ್ತೇನ್ ಅಣ್ಣಾ?"

"ಕಂಡ್ತು ತಂಗಿ," ಎಂದ ಅವನು, ರಕ್ತ ಒರೆಸಿಕೊಳ್ಳುತ್ತ.

"ಅವತ್ತು ನನ್ನ ತುಟಿನೂ ಹಿಂಗೇ ಹರದಿತ್ತು," ಎಂದಳು ಜಯದೇವಿ. ಹಾರೆಯನ್ನು ಕೆಳಗಿಡದೆ, ಅಗುಳಿ ತೆಗೆದು ಅವರೆಲ್ಲರ ನಡುವೆಯೇ ಹಾದು ಬೀದಿಗಿಳಿದಳು.